ಹಿಂದಿನ ಬ್ಲಾಕಿನ ಹಸಿರು ನಕ್ಷೆ

ಸರ್ಕಾರದ ಆ ಮೇಲ್ ಬಂದಾಗ ನಾನು ಸ್ಟಾಫ್ ರೂಮಿನ ಫೋಟೊಕಾಪಿಯರ್ ಹೊಟ್ಟೆಗೆ ಮೊಣಕೈವರೆಗೆ ಕೈ ತೂರಿಸಿ, ಸಿಕ್ಕಿಕೊಂಡ ಕಾಗದ ಕೀಳುತ್ತಿದ್ದೆ. ಜನವರಿಯ ಸೋಮವಾರ. ಎಂಟು ಗಂಟೆಯಾದರೂ ಬೆಳಕು ಸರಿಯಾಗಿ ಬಿಟ್ಟಿರಲಿಲ್ಲ. ಲಂಡನ್ನಿನ ಅಂಚಿನ ಹೇಸ್‌ನ ಈ ಪ್ರೈಮರಿ ಶಾಲೆಯಲ್ಲಿ ನನ್ನ ಹುದ್ದೆಯ ಹೆಸರು ನೆಟ್‌ವರ್ಕ್ ಮ್ಯಾನೇಜರ್. ಮ್ಯಾನೇಜ್ ಮಾಡಲು ನನ್ನ ಕೈಕೆಳಗೆ ಒಂದು ನರಪಿಳ್ಳೆಯೂ ಇಲ್ಲ. ಕಂಪ್ಯೂಟರು, ಪ್ರೊಜೆಕ್ಟರು, ಗೇಟಿನ ಬಜರ್, ಮಕ್ಕಳು ಒಡೆದ ಟ್ಯಾಬ್ಲೆಟ್ಟಿನ ಗಾಜು, ಎಲ್ಲಕ್ಕೂ ನಾನೊಬ್ಬನೇ.

ಹೆಡ್‌ಟೀಚರ್ ಆ ಮೇಲನ್ನು ಪ್ರಿಂಟ್ ಮಾಡಿಸಿಕೊಂಡು ನನ್ನನ್ನು ಕರೆದರು. ಶಾಲೆಯಲ್ಲಿ ಎಲ್ಲರೂ ಅವರನ್ನು ಹೆಡ್ ಎನ್ನುವುದು. ವಿಷಯ ಇಷ್ಟು: ಯಾವ ಶಾಲೆಗಳ ವೈಫೈ ಮತ್ತು ಒಳಗಿನ ಜಾಲ ತೀರಾ ಹಳೆಯದಾಗಿದೆಯೋ ಅವಕ್ಕೆ ಹೊಸ ಉಪಕರಣ ಹಾಕಿಸಲು ಸರ್ಕಾರ ಖರ್ಚಿನ ಬಹುಪಾಲು ಭರಿಸುತ್ತದೆ. ಶಾಲೆ ಮೊದಲು ಒಂದು ಸ್ವಯಂ ಮೌಲ್ಯಮಾಪನ ಫಾರಂ ತುಂಬಬೇಕು. ಆಮೇಲೆ ಯೋಜನೆಯ ಕಡೆಯ ಸರ್ವೇಯರ್ ಒಬ್ಬರು ಬಂದು ಅಳೆಯುತ್ತಾರೆ. ಅತಿ ಕೆಟ್ಟ ಸ್ಥಿತಿಯಲ್ಲಿರುವ ಶಾಲೆಗೆ ಮೊದಲು.

"ಇದು ನಮಗೆ ಸಿಗಲೇಬೇಕು," ಎಂದರು ಹೆಡ್. "ಯಾಕೆ ಅಂತ ನಿಮಗೂ ಗೊತ್ತು."

ಗೊತ್ತಿತ್ತು. ಹಿಂದಿನ ಬ್ಲಾಕಿನ ಮಹಡಿಯಲ್ಲಿ ಐದನೇ ತರಗತಿಗೆ ಪಾಠ ಮಾಡುವ ಟೀಚರಿಗೆ ಕಿವಿ ಕೇಳಿಸುವುದು ಕಳೆದ ಆರೇಳು ವರ್ಷಗಳಲ್ಲಿ ಹೆಚ್ಚುಕಡಿಮೆ ನಿಂತೇಹೋಗಿತ್ತು. ಅವರು ಎಡಗೈಯಲ್ಲಿ ಒಂದು ಟ್ಯಾಬ್ಲೆಟ್ ಹಿಡಿದು ಪಾಠ ಮಾಡುತ್ತಿದ್ದರು. ಮಕ್ಕಳು ಒಂದು ಪುಟ್ಟ ಮೈಕನ್ನು ಕೈಯಿಂದ ಕೈಗೆ ದಾಟಿಸುತ್ತಾ ಮಾತಾಡುತ್ತಿದ್ದರು. ಆ ಮಾತು ಇಂಟರ್ನೆಟ್ಟಿನಲ್ಲಿ ಹೋಗಿ, ಅಕ್ಷರವಾಗಿ ಟ್ಯಾಬ್ಲೆಟ್ಟಿಗೆ ಮರಳುತ್ತಿತ್ತು. ಸಂಪರ್ಕ ಇದ್ದರೆ ಅದಕ್ಕೆ ಒಂದು ಕ್ಷಣ ಸಾಕು. ಸಂಪರ್ಕ ಹೋದರೆ ಟೀಚರ್ ಎದುರು ಮೂವತ್ತು ಬಾಯಿಗಳು ಸುಮ್ಮನೆ ಅಲ್ಲಾಡುತ್ತವೆ.

ಹೆಡ್ ಕೆಟ್ಟವರಲ್ಲ. ಒಂದು ಮಗು ಮನೆಯಲ್ಲಿ ಏನೋ ಆಯಿತು ಎಂದು ಹೇಳಲು ಬಂದು, ಟೀಚರಿಗೆ ಅದು ತಿಳಿಯದೆ ಹೋದರೆ ಗತಿಯೇನು ಎನ್ನುವುದು ಅವರ ಭಯ. ಆ ಭಯ ಸುಳ್ಳಲ್ಲ. ಮುಂದಿನ ಬ್ಲಾಕಿನಲ್ಲಿ ವೈಫೈ ಪರವಾಗಿಲ್ಲ, ಆದರೆ ಅಲ್ಲಿನ ಕೋಣೆಗಳೆಲ್ಲ ಪುಟಾಣಿಗಳವು. ಅವರ ಶೌಚಾಲಯ, ಆಟದ ಅಂಗಳ ಅಲ್ಲೇ ಅಂಟಿಕೊಂಡಿವೆ, ಅವರನ್ನು ಮಹಡಿ ಹತ್ತಿಸಲಾಗದು. ಹಿಂದಿನ ಬ್ಲಾಕಿಗೆ ತಂತಿ ಎಳೆದೂ ನೋಡಿದ್ದೆವು. ಆ ಬ್ಲಾಕಿನ ಸ್ವಿಚ್ಚೇ, ಅಂದರೆ ಎಲ್ಲ ತಂತಿಗಳು ಬಂದು ಸೇರುವ ಪೆಟ್ಟಿಗೆಯೇ, ಮುದಿಯಾಗಿತ್ತು. ತಂತಿಯಲ್ಲೂ ಅದೇ ಗೋಳು.

"ಜುಲೈ ಮುಗಿಯೋದರೊಳಗೆ ಮಂಜೂರಾತಿ ಪತ್ರ ನನ್ನ ಮೇಜಿನ ಮೇಲಿದ್ದರೆ ಅವಳ ಕ್ಲಾಸು ಅವಳದೇ," ಎಂದರು ಹೆಡ್. "ಇಲ್ಲದಿದ್ದರೆ ಸೆಪ್ಟೆಂಬರಿಂದ ಆಫೀಸಿನ ಪಕ್ಕದ ಕೋಣೆಯಲ್ಲಿ ನಾಲ್ಕು ನಾಲ್ಕು ಮಕ್ಕಳನ್ನ ಕೂರಿಸಿಕೊಂಡು ಓದಿಸಲಿ. ಅವಳಿಗೂ ಹೇಳಿದೀನಿ."

ಟೀಚರ್ ಇಲ್ಲೇ ಪಕ್ಕದ ಪಿನ್ನರ್‌ನಲ್ಲಿ ಹುಟ್ಟಿ ಬೆಳೆದವರು, ಧಾರವಾಡದಿಂದ ಬಂದ ಡಾಕ್ಟರೊಬ್ಬರ ಮಗಳು. ಇಡೀ ಶಾಲೆಯಲ್ಲಿ ನನ್ನೊಡನೆ ಕನ್ನಡ ಮಾತಾಡುವವರು ಅವರೊಬ್ಬರೇ. ಇಂಗ್ಲಿಷಿಗಿಂತ ಕನ್ನಡದ ತುಟಿ ಓದುವುದು ಸುಲಭ, ಯಾಕೆಂದರೆ ಅದು ಅಮ್ಮನ ಮುಖ ನೋಡಿ ಕಲಿತದ್ದು ಎನ್ನುತ್ತಿದ್ದರು. ಹಾಗಾಗಿ ನಾನು ಅವರ ಎದುರು ನಿಂತು, ಗಡ್ಡ ಟ್ರಿಮ್ ಮಾಡಿಕೊಂಡ ಬಾಯಲ್ಲಿ, ನಿಧಾನವಾಗಿ ಬೆಂಗಳೂರು ಕನ್ನಡ ಮಾತಾಡುತ್ತಿದ್ದೆ. ಅವರು ಧಾರವಾಡದಲ್ಲಿ ಉತ್ತರ ಕೊಡುತ್ತಿದ್ದರು. ಕೋಣೆ ಬದಲಾದರೆ ಕೆಲಸ ಹೋಗುವುದಿಲ್ಲ, ಸಂಬಳವೂ ಕಡಿಮೆಯಾಗುವುದಿಲ್ಲ. ಆದರೆ ಹತ್ತೊಂಬತ್ತು ವರ್ಷಗಳಿಂದ ತುಂಬಿದ ತರಗತಿಯ ಮುಂದೆ ನಿಂತವರು ಅವರು. ಅಂಗವಿಕಲರ ಹಕ್ಕಿನ ಕಾನೂನು ಹಿಡಿದು ಜಗಳಾಡಿ ಎಂದು ಯೂನಿಯನ್ನಿನವರು ಹೇಳಿದ್ದಕ್ಕೆ, "ಕಾಗದಾ ತೋರ್ಸಿ ಕ್ಲಾಸ್‌ರೂಮಿನಾಗ ನಿಂತ್ರ ಅದು ನಿಂತಂಗಲ್ರಿ," ಅಂದಿದ್ದರಂತೆ.

ಫಾರಂ ತುಂಬಲು ಕೂತೆ. ಪ್ರಶ್ನೆಗಳು ಸರಳ. ನಿಮ್ಮ ಉಪಕರಣಗಳಿಗೆ ತಯಾರಕರ ಬೆಂಬಲ ಇದೆಯೇ? ಕಟ್ಟಡದ ಎಲ್ಲ ಕಡೆ ಸಿಗ್ನಲ್ ಇದೆಯೇ? ದೋಷಗಳನ್ನು ದಾಖಲಿಸುತ್ತೀರಾ? ಪ್ರತಿ ಪ್ರಶ್ನೆಗೆ ಮೂರು ಚೌಕ: ಹೌದು, ಭಾಗಶಃ, ಇಲ್ಲ. ಈ ಕೆಲಸಕ್ಕೆ ಸೇರುವ ಮುಂಚೆ ನಾನು ಬೆಂಗಳೂರಿನಲ್ಲೂ ಲಂಡನ್ನಿನಲ್ಲೂ ಸರ್ವಿಸಸ್ ಕಂಪನಿಗಳ ಸರ್ವರ್ ರೂಮಿನಲ್ಲಿ ವರ್ಷಗಟ್ಟಲೆ ಬೆಂದವನು. ಅಲ್ಲಿ ಕಲಿತ ಪಾಠ ಒಂದೇ: ಹೊರಗಿನವರು ನೋಡುವ ಕಾಗದದಲ್ಲಿ 'ಇಲ್ಲ' ಎನ್ನುವ ಪದ ಇರಕೂಡದು. ಇಲ್ಲ ಎಂದರೆ ನಿನ್ನ ತಪ್ಪು. ಕೈ ತಾನಾಗಿ 'ಭಾಗಶಃ' ಒತ್ತುತ್ತಾ ಹೋಯಿತು. ಸ್ವಲ್ಪ ಮರ್ಯಾದೆಯಾಗಿ ಕಾಣಲಿ, ಎಷ್ಟೆಂದರೂ ಸರ್ವೇಯರ್ ಬಂದಾಗ ಹಳೆಯ ಡಬ್ಬಗಳನ್ನು ಕಣ್ಣಾರೆ ನೋಡುತ್ತಾರಲ್ಲ ಎಂದುಕೊಂಡೆ.

ಸರ್ವೇಗೆ ದಿನ ಗೊತ್ತು ಮಾಡುವುದೂ ನನ್ನ ಪಾಲಿಗೆ ಬಂತು. ಫೆಬ್ರುವರಿಯಲ್ಲಿ ಶಾಲೆಗೆ ಒಂದು ವಾರ ರಜೆ, ಹಾಫ್ ಟರ್ಮ್. ಮಕ್ಕಳ ಗಲಾಟೆಯಿಲ್ಲ, ಯಾವ ಪಾಠವೂ ಕೆಡುವುದಿಲ್ಲ, ಸರ್ವೇಯರಿಗೂ ಆರಾಮ. ರಜೆಯ ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಬನ್ನಿ ಎಂದು ಬರೆದೆ. ಈ ಜಾಣತನಕ್ಕೆ ಹೆಡ್ ಕೂಡ ಶಭಾಷ್ ಎಂದರು.

ಬೆಂಗಳೂರಿನಲ್ಲಿ ಕ್ಲೈಂಟ್ ವಿಸಿಟ್ ಎಂದರೆ ಏನೆಂದು ಆ ಕೆಲಸ ಮಾಡಿದವರಿಗೇ ಗೊತ್ತು. ವಿದೇಶದಿಂದ ಗಿರಾಕಿ ಬರುತ್ತಾನೆಂದರೆ ರಿಸೆಪ್ಷನ್ನಿನಲ್ಲಿ ರಂಗೋಲಿ, ಟಿವಿಯ ಮೇಲೆ ಅವನ ಹೆಸರು, ಸರ್ವರ್ ರೂಮಿನ ಪ್ರತಿ ತಂತಿಗೂ ಹೊಸ ಲೇಬಲ್. ಪರದೆಯ ಮೇಲಿನ ಎಲ್ಲ ದೀಪವೂ ಹಸಿರು. ಕೆಂಪು ಬರುವಂಥದ್ದು ಏನಾದರೂ ಇದ್ದರೆ ಆ ಎರಡು ಗಂಟೆ ಅದರ ಪಕ್ಕ ಒಬ್ಬನನ್ನು ಕಾವಲು ಕೂರಿಸುತ್ತಿದ್ದೆವು. ಅದನ್ನು ಯಾರೂ ಮೋಸ ಎಂದುಕೊಂಡಿರಲಿಲ್ಲ. ಮನೆಗೆ ಯಾರೋ ಬರುತ್ತಾರೆಂದರೆ ನೆಲ ಒರೆಸುವುದಿಲ್ಲವೇ, ಹಾಗೆ.

ಸರ್ವೇಯ ಹಿಂದಿನ ದಿನ ಹಿಂದಿನ ಬ್ಲಾಕಿನ ಕ್ಯಾಬಿನೆಟ್ ಬಾಗಿಲು ತೆಗೆದೆ. ಧೂಳು, ಗಂಟುಗಂಟಾದ ತಂತಿ, ಯಾರದೋ ಕಾಲದ ಟೇಪು. ನಾಚಿಕೆಯಾಯಿತು. ಇಡೀ ದಿನ ಕೂತು ತಂತಿಗಳನ್ನೆಲ್ಲ ಬಾಚಿ ಜಡೆ ಹಾಕಿದಂತೆ ಕಟ್ಟಿದೆ, ಲೇಬಲ್ ಅಂಟಿಸಿದೆ. ಪರೀಕ್ಷೆಗೆಂದು ನನ್ನ ಸ್ಟೋರಿನಲ್ಲಿ ಇಟ್ಟುಕೊಂಡಿದ್ದ ಎರಡು ಆಕ್ಸೆಸ್ ಪಾಯಿಂಟುಗಳನ್ನು, ವೈಫೈ ಹೊಮ್ಮಿಸುವ ಆ ಬಿಳಿ ತಟ್ಟೆಗಳನ್ನು, ಮಹಡಿಯ ಕಾರಿಡಾರಿಗೆ ಸಿಕ್ಕಿಸಿದೆ. ಅವನ್ನು ಅಲ್ಲಿ ಕಾಯಂ ಇಡಲಾಗದು. ಮುದಿ ಸ್ವಿಚ್ಚು ಅಷ್ಟು ಭಾರ ಹೊರಲಾರದೆ ಮಧ್ಯಾಹ್ನದೊಳಗೆ ಕಾದು ಮಲಗಿಬಿಡುತ್ತದೆ. ಆದರೆ ಸರ್ವೇ ಬೆಳಿಗ್ಗೆ ಇತ್ತು. ಬುಧವಾರ ಏಳು ಗಂಟೆಗೇ ಹೋಗಿ ಇಡೀ ಶಾಲೆಯ ಉಪಕರಣಗಳನ್ನು ಒಂದು ಸಲ ಆರಿಸಿ ಹಚ್ಚಿದೆ. ಹಾಗೆ ಮಾಡಿದರೆ ಅವು ಒಂದರ್ಧ ದಿನ ಹುಡುಗರಂತೆ ಓಡುತ್ತವೆ.

ಕೆಟ್ಟದ್ದಕ್ಕೇ ಮೊದಲ ಆದ್ಯತೆ ಎಂದು ನಾನೇ ಓದಿದ್ದೆ. ಆ ಮಾತು ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ಚೆನ್ನಾಗಿ ಓದುವ ಹುಡುಗನಿಗೆ ತಾನೆ ಸ್ಕಾಲರ್‌ಶಿಪ್ಪು, ಅಚ್ಚುಕಟ್ಟಾಗಿರುವ ಶಾಲೆಗೆ ತಾನೆ ಸರ್ಕಾರ ನಂಬಿ ಕೊಡುವುದು ಎಂದು ಒಳಗೆಲ್ಲೋ ಕೂತಿತ್ತು. ಐವತ್ತು ದಾಟಿದ ಮೇಲೂ ನಾನು ಅದೇ ಮಾರ್ಕ್ಸ್ ಕಾರ್ಡಿನ ಹುಡುಗ.

ಸರ್ವೇಯರ್ ಬಂದರು. ಎತ್ತರದ, ಹೆಚ್ಚು ಮಾತಿಲ್ಲದ ಹೆಂಗಸು. ರಿಸೆಪ್ಷನ್ನಿನ ಪರದೆಯ ಮೇಲೆ ತಮ್ಮ ಹೆಸರು ನೋಡಿ ಒಂದು ಕ್ಷಣ ನಿಂತರು. ನಾನು ರೇನರ್ಸ್ ಲೇನ್ ಅಂಗಡಿಯಿಂದ ತಂದ ಚಕ್ಕುಲಿ ತಟ್ಟೆ ಮುಂದಿಟ್ಟೆ. ಅವರು ಒಂದು ತಗೊಂಡು, ಲ್ಯಾಪ್‌ಟಾಪಿನಲ್ಲಿ ಶಾಲೆಯ ನಕ್ಷೆ ತೆರೆದು, ಹೆಜ್ಜೆ ಹೆಜ್ಜೆಗೂ ನಕ್ಷೆಯ ಮೇಲೆ ಒಂದೊಂದು ಚುಕ್ಕೆ ಒತ್ತುತ್ತಾ ಎಲ್ಲ ಕೋಣೆಗಳನ್ನೂ ಸುತ್ತಿದರು. ಸಿಗ್ನಲ್ ಗಟ್ಟಿಯಿದ್ದಲ್ಲಿ ಹಸಿರು, ಸೋತಲ್ಲಿ ಕೆಂಪು. ಐದನೇ ತರಗತಿ ಹಸಿರಾಯಿತು. ಖಾಲಿ ಕುರ್ಚಿಗಳ ನಡುವೆ ನಿಂತು ನಾನು ಹಿಗ್ಗಿದೆ.

"ಕ್ಯಾಬಿನೆಟ್ ತುಂಬಾ ಚೆನ್ನಾಗಿ ಇಟ್ಟಿದೀರ," ಎಂದು ಹೇಳಿ ಹೋದರು. ಆ ಮಾತನ್ನು ಅವತ್ತು ಸಂಜೆ, ತಟ್ಟೆಗಳನ್ನು ಬಿಚ್ಚಿಟ್ಟು ಮನೆಗೆ ಹೋಗಿ, ಹೆಂಡತಿಗೆ ಎರಡು ಸಲ ಹೇಳಿದೆ.

ಮಾರ್ಚಿನಲ್ಲಿ ಉತ್ತರ ಬಂತು. ಶಾಲೆಯ ಈಗಿನ ವ್ಯವಸ್ಥೆ ಕನಿಷ್ಠ ಮಟ್ಟವನ್ನು ಮುಟ್ಟಿದೆ, ಈ ಸುತ್ತಿನಲ್ಲಿ ನೆರವಿಗೆ ಅರ್ಹವಲ್ಲ. ಹತ್ತು ಕೆಲಸದ ದಿನಗಳೊಳಗೆ ಪುರಾವೆ ಸಮೇತ ಮೇಲ್ಮನವಿ ಸಲ್ಲಿಸಬಹುದು. ಜೊತೆಗೆ ಲಗತ್ತಿಸಿದ ನಕ್ಷೆ ತೆರೆದೆ. ಹಿಂದಿನ ಬ್ಲಾಕು ಹೊಲದ ಹಾಗೆ ಹಸಿರಾಗಿತ್ತು. ಆಗ ಅರ್ಥವಾಯಿತು, ನಾನು ಏನು ಮಾಡಿಟ್ಟಿದ್ದೇನೆಂದು. ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ರಜೆಯಲ್ಲಿ ಸರ್ವೇ ಮಾಡಿಸಿದೆ. ಮೂವತ್ತು ಮಕ್ಕಳ ಮೈ ಅಡ್ಡ ಇರಲಿಲ್ಲ, ಮೂವತ್ತು ಟ್ಯಾಬ್ಲೆಟ್ಟುಗಳ ಎಳೆದಾಟ ಇರಲಿಲ್ಲ. ಸಾಲದೆಂದು ಇಲ್ಲದ ಎರಡು ತಟ್ಟೆಗಳನ್ನು ಬೇರೆ ತೂಗುಹಾಕಿದೆ. ಒಬ್ಬ ಹೆಣ್ಣುಮಗಳ ತರಗತಿಯನ್ನು ನನ್ನ ಕೈಯಾರೆ ತೊಳೆದು, ಒರೆಸಿ, ಕಳೆದುಹಾಕಿದ್ದೆ.

ಪುರಾವೆ ಎಂದರೆ ಮೊದಲು ಹೆಲ್ಪ್‌ಡೆಸ್ಕ್ ದಾಖಲೆ. ಶಾಲೆಯಲ್ಲಿ ಏನು ಕೆಟ್ಟರೂ ಟೀಚರುಗಳು ಕಂಪ್ಯೂಟರಿನಲ್ಲಿ ಒಂದು ದೂರು ಬರೆಯಬೇಕು. ಅದಕ್ಕೆ ಟಿಕೆಟ್ ಎನ್ನುತ್ತೇವೆ. ಎರಡು ವರ್ಷದ ಟಿಕೆಟ್ಟುಗಳನ್ನು ಹೊರತೆಗೆದೆ. ನರ್ಸರಿಯವರು ವಾರಕ್ಕೊಂದು ಬರೆದಿದ್ದರು, ಪ್ರಿಂಟರಿನ ಬಣ್ಣ ಸರಿಯಿಲ್ಲ ಎಂದೂ ಬರೆದಿದ್ದರು. ಐದನೇ ತರಗತಿಯಿಂದ ಒಂದೂ ಇರಲಿಲ್ಲ. ವೈಫೈ ಎಲ್ಲರಿಗಿಂತ ಹೆಚ್ಚು ಬೇಕಾದ ಕೋಣೆಯಿಂದ ಒಂದೇ ಒಂದು ದೂರಿಲ್ಲ.

ಊಟದ ಬಿಡುವಿನಲ್ಲಿ ಟೀಚರನ್ನು ಹುಡುಕಿಕೊಂಡು ಹೋದೆ. ಅವರು ಹಿಂದಿನ ಬ್ಲಾಕಿನ ಕೆಳಗಿನ ಲೈಬ್ರರಿಯಲ್ಲಿ ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಿದ್ದರು. ಎದುರು ನಿಂತು, ಬಾಯಿ ಕಾಣುವಂತೆ, ಎಲ್ಲ ಹೇಳಿದೆ. ಜಡೆ ಹಾಕಿದ ತಂತಿ, ಎರಡು ತಟ್ಟೆ, ಚಕ್ಕುಲಿ ಕೂಡ ಬಿಡಲಿಲ್ಲ. ಅವರು ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ತಪ್ಪೊಪ್ಪಿಕೊಳ್ಳುವಾಗ ಯಾರೂ ಅಷ್ಟು ಗಮನವಿಟ್ಟು ನೋಡಬಾರದು.

"ಚಕ್ಕುಲಿ ಕೊಟ್ರಿ?" ಎಂದರು ಕೊನೆಗೆ. "ನನ್ ಕ್ಲಾಸ್ ತಗೊಂಡು ಹೋಗ್ಲಿಕ್ಕೆ ಬಂದಾಕಿಗೆ ಚಕ್ಕುಲಿ ಕೊಟ್ಟೀರಿ."

"ಅವರು ತಗೊಂಡು ಹೋಗೋಕೆ ಬಂದಿರಲಿಲ್ಲ. ಕ್ಲಾಸನ್ನ ಅವರ ಕೈಗೆ ಕೊಟ್ಟು ಕಳಿಸಿದ್ದು ನಾನೇ."

"ಅದು ಖರೇ." ಕೈಯಲ್ಲಿದ್ದ ಪುಸ್ತಕವನ್ನು ಕಪಾಟಿಗೆ ಬಡಿದು ಇಟ್ಟರು. ಸಿಟ್ಟು ಬಂದಿತ್ತು, ಬರಬೇಕಾದ್ದೇ.

"ಆದರೆ ನೀವು ಒಂದು ಟಿಕೆಟ್ಟೂ ಹಾಕಿಲ್ಲ ಮೇಡಂ. ಎರಡು ವರ್ಷದಲ್ಲಿ ಒಂದೂ ಇಲ್ಲ. ಮೇಲ್ಮನವಿಗೆ ಏನು ತೋರಿಸಲಿ?"

ಅವರು ಕೂತರು. ಮಕ್ಕಳ ಕುರ್ಚಿ, ಮೊಣಕಾಲು ಎದೆಗೆ ಬರುವಷ್ಟು ತಗ್ಗು. "ಹೆಂಗ ಹಾಕ್ಲಿರಿ? ಪ್ರತಿ ಟಿಕೆಟ್ಟೂ ಹೆಡ್‌ಗೆ ಕಾಪಿ ಹೋಗ್ತದ. ಇವತ್ತ ಮೂರ್ ಸಲ ನಂಗ ಏನೂ ತಿಳೀಲಿಲ್ಲ ಅಂತ ನಾನ ಬರ್ದು ಕೊಡ್ಬೇಕೇನು? ಲಾಸ್ಟ್ ಇಯರ್ ಇನ್ಸ್‌ಪೆಕ್ಷನ್‌ದಾಗ ಇಪ್ಪತ್ತು ನಿಮಿಷ ನೆಟ್ ಇರ್ಲಿಲ್ಲ. ಒಬ್ರಿಗೂ ಗೊತ್ತಾಗ್ಲಿಲ್ಲ. ನನ್ ಹುಡುಗ್ರು ಅಷ್ಟು ಶಾಣ್ಯಾ ಇದ್ದಾರ."

ಗೊತ್ತಾಗದಂತೆ ಹೇಗೆ ಮಾಡುತ್ತಾರೆಂದು ಆವತ್ತು ನಾನು ಕೇಳಲಿಲ್ಲ. ನಾವಿಬ್ಬರೂ ಒಂದೇ ಕೆಲಸ ಮಾಡುತ್ತಿದ್ದೇವೆ ಎಂದಷ್ಟೇ ಹೊಳೆಯಿತು. ನಾನು ಕ್ಯಾಬಿನೆಟ್ ಒರೆಸುತ್ತಿದ್ದೆ, ಅವರು ಮುಖ ಒರೆಸಿಕೊಳ್ಳುತ್ತಿದ್ದರು.

ಹೆಡ್ ಎದುರೂ ಎಲ್ಲ ಒಪ್ಪಿಕೊಂಡೆ. ಅವರ ಬಳಿ ಒಂದು ಉಪಾಯವಿತ್ತು. ಒಂದೇ ವಾಕ್ಯ ಸಾಕು ಎಂದರು: ಸರ್ವೇ ಆದ ಮೇಲೆ ಕೆಲವು ಉಪಕರಣಗಳು ಕೆಟ್ಟಿವೆ, ಮರುಪರಿಶೀಲನೆ ಮಾಡಿ. "ಇದು ಸುಳ್ಳೂ ಅಲ್ಲ. ಆ ಎರಡು ತಟ್ಟೆ ಈಗ ಅಲ್ಲಿ ಇಲ್ಲ ತಾನೆ? ನೀವು ಮಾಡಿದ್ದನ್ನ ಪೂರ್ತಿ ಬರೆದರೆ ಶಾಲೆ ಸರ್ಕಾರಕ್ಕೆ ತಪ್ಪು ಮಾಹಿತಿ ಕೊಟ್ಟಿದೆ ಅಂತ ಆಗುತ್ತೆ. ಮುಂದಿನ ಯಾವ ಸುತ್ತಿಗೂ ನಮ್ಮನ್ನ ಸೇರಿಸದೇ ಹೋಗಬಹುದು. ಆಗ ಕೆಲಸದ ವಿಚಾರದಲ್ಲಿ ನಿಮ್ಮ ಪರ ನಾನು ನಿಲ್ಲೋದು ಕಷ್ಟ."

ನನ್ನ ಮನೆಯಿರುವ ರೇನರ್ಸ್ ಲೇನಿಗೆ ಎರಡು ಬಸ್ಸು. ಆ ದಿನಗಳಲ್ಲಿ ಎರಡರಲ್ಲೂ ನಿಂತೇ ಹೋಗಿ ಬರುತ್ತಿದ್ದೆ, ಕೂತರೆ ನಿದ್ದೆ ಬಂದು ಸ್ಟಾಪು ದಾಟಿಹೋಗುತ್ತಿತ್ತು. ಹತ್ತು ದಿನಗಳಲ್ಲಿ ಎಂಟು ಹೀಗೇ ಕಳೆದವು. ಫಾರಂ ತೆರೆಯುವುದು, ಹೆಡ್ ಹೇಳಿದ ವಾಕ್ಯ ಬರೆಯುವುದು, ಅಳಿಸುವುದು. ಮನೆಯಲ್ಲಿ ಹೆಂಡತಿ ಚಪಾತಿ ಲಟ್ಟಿಸುತ್ತಾ ಕೇಳಿಸಿಕೊಂಡಳು. ಅವಳು ಜಿಪಿಯ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ, ರಿಸೆಪ್ಷನ್ನಿನಲ್ಲಿ ಕೆಲಸ ಮಾಡುವವಳು, ಬೆಳಗಿನಿಂದ ಸಂಜೆವರೆಗೆ ಜನರ ನೋವು ಕೇಳುವುದೇ ಅವಳ ಕಸುಬು.

"ನಮ್ಮ ಕಡೆ ಹಿರಿಯರು ಬರ್ತಾರೆ ನೋಡಿ," ಅಂದಳು. "ಎರಡು ವಾರ ಮಂಡಿ ಹಿಡ್ಕೊಂಡು ನರಳಿ, ಡಾಕ್ಟರ್ ರೂಮಿಗೆ ಹೋದ ತಕ್ಷಣ, ಹೌ ಆರ್ ಯು ಅಂದ್ರೆ ಫೈನ್ ಫೈನ್ ಅಂತಾರೆ. ಔಷಧಿ ಇಲ್ದೆ ಆಚೆ ಬಂದು ನನ್ನ ಮೇಲೆ ರೇಗ್ತಾರೆ. ನೀವೂ ಅಷ್ಟೇ. ನೋವಿದೆ ಅಂತ ಹೇಳೋಕೆ ನಿಮಗೇನು ರೋಗ?"

ಮರುದಿನ ಬೆಳಿಗ್ಗೆ ಹೆಡ್ ಹೇಳಿದ ವಾಕ್ಯವನ್ನು ಕೊನೆಯ ಸಲ ಅಳಿಸಿದೆ. ಸರ್ವೇ ದಿನಕ್ಕೆ ರಜೆಯನ್ನು ಆರಿಸಿದ್ದು ನಾನು, ಸ್ವಿಚ್ಚು ಹೊರಲಾರದ ಎರಡು ಆಕ್ಸೆಸ್ ಪಾಯಿಂಟುಗಳನ್ನು ಆ ಬೆಳಗಿಗೆಂದೇ ಸಿಕ್ಕಿಸಿದ್ದು ನಾನು, ಏಳು ಗಂಟೆಗೆ ಎಲ್ಲವನ್ನೂ ಆರಿಸಿ ಹಚ್ಚಿದ್ದು ನಾನು, ಹೆಡ್‌ಗಾಗಲಿ ಬೇರೆ ಯಾರಿಗಾಗಲಿ ಈ ಕೊನೆಯ ಎರಡು ತಿಳಿದಿರಲಿಲ್ಲ ಎಂದು ಬರೆದೆ. 'ಭಾಗಶಃ' ಎಂದಿದ್ದ ಉತ್ತರಗಳಲ್ಲಿ ಬಹುತೇಕ ಎಲ್ಲವನ್ನೂ 'ಇಲ್ಲ' ಎಂದು ತಿದ್ದಿದೆ. ಪ್ರತಿ 'ಇಲ್ಲ' ಕೂಡ ನನ್ನ ಕೆಲಸಕ್ಕೆ ನಾನೇ ಕೊಟ್ಟುಕೊಂಡ ಅಂಕ. ಹೆಡ್ ಅದನ್ನು ಎರಡು ಸಲ ಓದಿ, ಸಹಿ ಮಾಡದೆ ನನ್ನ ಮುಖ ನೋಡಿದರು. "ನಿಮ್ಮ ಮಾತು ಮಾತ್ರ ಇದೆ ಇದರಲ್ಲಿ. ಪುರಾವೆ ಎಲ್ಲಿ?"

ಅದೊಂದು ನನ್ನ ಬಳಿ ಇರಲಿಲ್ಲ. ಸ್ವಿಚ್ಚು ಮಲಗಿದ ಹೊತ್ತುಗಳ ದಾಖಲೆ ಇತ್ತು, ಅದರಿಂದ ಯಾವ ಪಾಠ ಕೆಟ್ಟಿತೆಂದು ಅದೊಂದೇ ತೋರಿಸುತ್ತಿರಲಿಲ್ಲ. ಒಂದು ದಿನ ಉಳಿದಿತ್ತು.

ಕೊನೆಯ ದಿನ ಟೀಚರ್ ನನ್ನ ಸ್ಟೋರಿನ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಎರಡು ದಪ್ಪ ಫೈಲು. ಟ್ಯಾಬ್ಲೆಟ್ಟಿನ ಆ ಆಪ್ ಪ್ರತಿ ಪಾಠದ ಮಾತನ್ನೂ ಬರಹವಾಗಿ ಉಳಿಸಿಕೊಳ್ಳುತ್ತದಂತೆ. ಸಂಪರ್ಕ ಹೋದಲ್ಲಿ ಸಮಯ ನಮೂದಿಸಿ ಒಂದು ಖಾಲಿ ಜಾಗ ಬಿಡುತ್ತದೆ. ಅವರು ಎರಡು ವರ್ಷ ಪ್ರತಿದಿನದ ಬರಹವನ್ನೂ ಪ್ರಿಂಟ್ ಮಾಡಿದ್ದರು. ಖಾಲಿ ಜಾಗಗಳಲ್ಲಿ ಪೆನ್ಸಿಲ್ಲಿನ ಅಕ್ಷರ. ಆಟದ ಬಿಡುವಿನಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಆಗ ನೀನು ಏನು ಹೇಳಿದೆ ಎಂದು ಕೇಳಿ, ತುಂಬಿಸಿದ್ದು. ಒಂದು ಪುಟದಲ್ಲಿ ನೋಡಿದೆ: 'ನನ್ನ ಅಜ್ಜಿ ತೀರಿಕೊಂಡರು, ಅದಕ್ಕೆ ನಿನ್ನೆ ಬರಲಿಲ್ಲ.' ಆ ಸಾಲು ಪೆನ್ಸಿಲ್ಲಿನಲ್ಲಿತ್ತು. ಅದರ ಕೆಳಗೆ, ಅಷ್ಟರಲ್ಲಿ ಸಂಪರ್ಕ ಮರಳಿ ಮೂಡಿದ ಅಚ್ಚಿನಲ್ಲಿ, ಟೀಚರ್ ಆ ಹೊತ್ತಿನಲ್ಲಿ ಕೊಟ್ಟ ಉತ್ತರ: 'ವೆರಿ ಗುಡ್. ಮುಂದಿನವರು.'

"ಇದನ್ನ ಯಾರಿಗೂ ತೋರ್ಸಿದ್ದಿಲ್ಲ ನಾ," ಎಂದರು.

"ಇದನ್ನ ಕಳಿಸಿದ್ರೆ ಹೆಡ್ ಓದ್ತಾರೆ ಮೇಡಂ. ಈ ಸಾಲನ್ನೂ ಓದ್ತಾರೆ. ಅರ್ಜಿ ಸೋತ್ರೆ ನಿಮ್ಮನ್ನ ಕ್ಲಾಸಿಂದ ತೆಗಿಯೋಕೆ ಇದೇ ಫೈಲ್ ಸಾಕು."

"ಗೊತ್ತದರಿ. ಅವ್ರಿಗೆ ಕೊಟ್ಟ ಬಂದೀನಿ. ಓದ್ಲಿಕ್ಕತ್ತಾರ." ಫೈಲುಗಳನ್ನು ನನ್ನ ಮೇಜಿನ ಮೇಲಿಟ್ಟರು. "ಇವು ಕಾಪಿ. ಅಜ್ಜಿ ತೀರ್ಕೊಂಡಿದ್ದ ಆ ಹುಡುಗಿ ಆಮ್ಯಾಲೆ ಇಡೀ ದಿನ ನಂಗೇನೂ ಹೇಳ್ಲಿಲ್ಲ, ಮರುದಿನ ನಾನ ಕೇಳಿದಾಗ ಹೇಳಿದ್ಲು. ನಾ ಎಷ್ಟು ಮುಚ್ಚಿಟ್ರೂ ಆ ಹುಡುಗಿಗೆ ಗೊತ್ತಿತ್ತಲ್ರಿ."

ಸಂಜೆಯವರೆಗೆ ನಾವಿಬ್ಬರೂ ಕೂತು ಸ್ಕ್ಯಾನ್ ಮಾಡಿದೆವು. ಮಕ್ಕಳ ಹೆಸರುಗಳನ್ನೆಲ್ಲ ಕಪ್ಪು ಮಾಡಿದೆವು. ಒಂದೊಂದು ಖಾಲಿ ಜಾಗದ ಸಮಯವನ್ನೂ ಸ್ವಿಚ್ಚಿನ ದಾಖಲೆಯೊಡನೆ ತಾಳೆ ನೋಡಿದೆ. ಸ್ವಿಚ್ಚು ಸುಸ್ತಾಗಿ ಮಲಗಿದ ಹೊತ್ತೂ ಮಾತು ಕಡಿದ ಹೊತ್ತೂ ಪುಟ ಪುಟಕ್ಕೂ ಹೊಂದಿಬಂದವು. ಹೆಡ್ ಆ ಸಂಜೆ ತಾವಾಗಿ ಬಂದು ಸಹಿ ಮಾಡಿದರು. ಅವರ ಕಣ್ಣು ಕೆಂಪಗಿತ್ತು. ಮೇಲ್ಮನವಿ ಹೋಯಿತು.

ಈಸ್ಟರ್ ರಜೆ ಮುಗಿದು ಮೇ ಬಂದಾಗ ಮರುಸರ್ವೇಗೆ ದಿನ ಕೊಟ್ಟರು: ಮಂಗಳವಾರ, ಶಾಲೆ ನಡೆಯುವ ಹೊತ್ತು, ಬೆಳಿಗ್ಗೆ ಹನ್ನೊಂದು. ಹಿಂದಿನ ವಾರದಿಂದ ಯಾವ ಉಪಕರಣವನ್ನೂ ಮುಟ್ಟಬಾರದೆಂದು ಪತ್ರದಲ್ಲೇ ಬರೆದಿತ್ತು. ಕ್ಯಾಬಿನೆಟ್ಟಿನ ಮುಂದೆ ಹೋಗುವಾಗಲೆಲ್ಲ ಕೈ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ಮತ್ತೆ ಧೂಳು ಕೂತಿತ್ತು. ಒಂದು ಲೇಬಲ್ ಅರ್ಧ ಕಿತ್ತು ಜೋತಾಡುತ್ತಿತ್ತು. ಅದನ್ನು ಅಂಟಿಸದೆ ಇರುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಬಂದವರು ಅದೇ ಸರ್ವೇಯರ್. ಈ ಸಲ ಚಕ್ಕುಲಿ ಇರಲಿಲ್ಲ, ಪರದೆಯ ಮೇಲೆ ಹೆಸರೂ ಇರಲಿಲ್ಲ. ನಮಸ್ಕಾರವಾದ ಮೇಲೆ ನೇರ ಮಹಡಿಗೆ ಹೋದೆವು. ಐದನೇ ತರಗತಿಯಲ್ಲಿ ನದಿಗಳ ಪಾಠ ನಡೆಯುತ್ತಿತ್ತು. ಸರ್ವೇಯರ್ ಹಿಂದೆ ನಿಂತು ಚುಕ್ಕೆ ಒತ್ತತೊಡಗಿದರು. ನಕ್ಷೆಯಲ್ಲಿ ಹಳದಿ, ಕಿತ್ತಳೆ. ಸ್ವಲ್ಪ ಹೊತ್ತಿನಲ್ಲಿ ಟೀಚರ್ ಕೈಯ ಟ್ಯಾಬ್ಲೆಟ್ಟಿನಲ್ಲಿ ಅಕ್ಷರ ನಿಂತಿತು. ನನಗೆ ಅದು ಕಂಡಿತು, ಆದರೆ ಪಾಠ ನಿಲ್ಲಲಿಲ್ಲ. ಮೈಕು ಹಿಡಿದ ಹುಡುಗಿ ಮಾತಾಡುತ್ತಲೇ ಇದ್ದಳು. ಅವಳ ಪಕ್ಕದವಳು ಒಂದು ಪುಟ್ಟ ಬಿಳಿ ಹಲಗೆಯ ಮೇಲೆ ಸರಸರ ಎರಡು ಪದ ಗೀಚಿ ಎತ್ತಿ ಹಿಡಿದಳು. ಟೀಚರ್ ಓದಿ ತಲೆಯಾಡಿಸಿ ಉತ್ತರ ಕೊಟ್ಟರು. ಮುಂದಿನವನ ಹಿಂದೆ ಇನ್ನೊಂದು ಹಲಗೆ. ಯಾರೂ ಹೇಳಿಕೊಟ್ಟಂತೆ ಕಾಣಲಿಲ್ಲ, ಅಷ್ಟು ರೂಢಿಯಾಗಿತ್ತು. ಇನ್ಸ್‌ಪೆಕ್ಷನ್ನಿನಲ್ಲಿ ಯಾರಿಗೂ ಗೊತ್ತಾಗದಿದ್ದುದು ಹೇಗೆಂದು ಆಗ ತಿಳಿಯಿತು. ಹತ್ತು ವರ್ಷದ ಮಕ್ಕಳು ಸೇರಿ ತಮ್ಮ ಟೀಚರನ್ನು ಹಸಿರಾಗಿ ಇಟ್ಟಿದ್ದರು.

"ಪಾಠ ಚೆನ್ನಾಗಿಯೇ ನಡೀತಿದೆಯಲ್ಲ," ಎಂದು ಸರ್ವೇಯರ್ ನನ್ನ ಕಿವಿಯಲ್ಲಿ ಹೇಳಿದರು.

ಟೀಚರ್ ನಮ್ಮ ಕಡೆ ನೋಡುತ್ತಿದ್ದರು. ಸರ್ವೇಯರ್ ಹೇಳಿದ್ದನ್ನು ಅವರು ಕೋಣೆಯ ಆ ಕೊನೆಯಿಂದ ಓದಿಕೊಂಡಿದ್ದರು. ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟು, ಮಕ್ಕಳಿಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ಹಲಗೆಗಳನ್ನ ಕೆಳಗಿಡಿ. ಇವತ್ತು ನನಗೆ ಸಹಾಯ ಮಾಡಬೇಡಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೊಂದಾಗಿ ಹಲಗೆಗಳು ಡೆಸ್ಕಿಗೆ ಇಳಿದವು. ಟೀಚರ್ ಒಂದು ಪ್ರಶ್ನೆ ಕೇಳಿದರು. ಮೈಕು ಹಿಡಿದ ಹುಡುಗ ಉತ್ತರ ಹೇಳಿದ. ಟೀಚರ್ ಅವನನ್ನು ನೋಡಿದರು, ಟ್ಯಾಬ್ಲೆಟ್ಟನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. "ನನಗೆ ತಿಳಿಯಲಿಲ್ಲ," ಎಂದರು. ಅವನು ಮತ್ತೆ ಹೇಳಿದ, ಗಟ್ಟಿಯಾಗಿ. "ನನಗೆ ತಿಳಿಯಲಿಲ್ಲ." ಮೂರನೇ ಸಲ ಅವನಿಗೆ ಅಳು ಬಂತು. ಟೀಚರ್ ಅಲ್ಲೇ ನಿಂತರು, ಕೈ ಬರಿದು ಮಾಡಿಕೊಂಡು, ಅಪರಿಚಿತಳೊಬ್ಬಳ ಎದುರು, ತಮ್ಮದೇ ತರಗತಿಯಲ್ಲಿ ಏನೂ ಅರ್ಥವಾಗದೆ. ನಾನು ಗೋಡೆ ನೋಡಿದೆ. ಸರ್ವೇಯರ್ ಚುಕ್ಕೆ ಒತ್ತುವುದನ್ನು ನಿಲ್ಲಿಸಿ ಗಡಿಯಾರ ನೋಡಿ ಬರೆದುಕೊಂಡರು. ಒಂಬತ್ತು ನಿಮಿಷವಾದ ಮೇಲೆ ಅಕ್ಷರ ಮರಳಿತು.

ಜುಲೈ ಕೊನೆಯ ವಾರ ಮಂಜೂರಾತಿ ಬಂತು. ನನ್ನ ತಪ್ಪಿಗಾಗಿ ಒಂದು ಎಚ್ಚರಿಕೆ ಪತ್ರ ನನ್ನ ಫೈಲಿಗೆ ಸೇರಿತು, ಸೇರಬೇಕಾದ್ದೇ. ಸಂತೋಷಪಡಲು ಯಾರಲ್ಲೂ ತ್ರಾಣವಿರಲಿಲ್ಲ. ಹೆಡ್ ಆ ಕಾಗದವನ್ನು ಟೀಚರಿಗೆ ತೋರಿಸಿದರಂತೆ, ಟೀಚರ್ ಓದಿ, ಥ್ಯಾಂಕ್ಯೂ ಎಂದು ಹೇಳಿ ಮನೆಗೆ ಹೋದರಂತೆ. ಬೇಸಿಗೆ ರಜೆಯ ಆರು ವಾರ ನಾನು ಕಂಟ್ರಾಕ್ಟರುಗಳ ಹಿಂದೆ ಏಣಿ ಹಿಡಿದುಕೊಂಡು ಓಡಾಡಿದೆ. ಮುದಿ ಸ್ವಿಚ್ಚನ್ನು ಬಿಚ್ಚಿ ಕೆಳಗಿಳಿಸಿದಾಗ ಅದು ಇನ್ನೂ ಬೆಚ್ಚಗಿತ್ತು. ಸೆಪ್ಟೆಂಬರಿನಲ್ಲಿ ಟೀಚರ್ ಅದೇ ಮಹಡಿ ಹತ್ತಿದರು, ಹೊಸ ಮೂವತ್ತು ಮಕ್ಕಳೊಂದಿಗೆ. ವಾರಗಟ್ಟಲೆ ಅವರಿಂದ ಏನೂ ಸುದ್ದಿಯಿಲ್ಲ. ಎಲ್ಲ ಸರಿಯಿದೆಯೋ, ಮತ್ತೆ ಮುಚ್ಚಿಡುತ್ತಿದ್ದಾರೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಅಕ್ಟೋಬರಿನ ಒಂದು ಗುರುವಾರ, ಮತ್ತೆ ಅದೇ ಫೋಟೊಕಾಪಿಯರ್ ಹೊಟ್ಟೆಯಲ್ಲಿ ಕೈಯಿಟ್ಟುಕೊಂಡಿದ್ದಾಗ, ಫೋನು ಮಿಣುಕಿತು. ಹೊಸ ಟಿಕೆಟ್. ಐದನೇ ತರಗತಿ. 'ಇವತ್ತು ಹತ್ತು ನಲವತ್ತಕ್ಕೆ ಎರಡು ನಿಮಿಷ ಟ್ಯಾಬ್ಲೆಟ್ಟಿನಲ್ಲಿ ಅಕ್ಷರ ನಿಂತಿತ್ತು. ನನಗೆ ತಿಳಿಯಲಿಲ್ಲ. ದಯವಿಟ್ಟು ಬಂದು ನೋಡಿ.' ಕೆಳಗೆ, ಎಂದಿನಂತೆ, ಹೆಡ್‌ಗೆ ಕಾಪಿ.

ಶಾಯಿ ಮೆತ್ತಿದ ಕೈಯನ್ನು ತೊಳೆಯದೆ ಹಾಗೇ ಮಹಡಿ ಹತ್ತಿದೆ.